ಕೊಟ್ರಬಸಮ್ಮ ಹಿನ್ನೀರಿನ ಹೊಲದಲ್ಲಿ ಹೆತ್ತದ್ದು

ಕೊಟ್ರಬಸಮ್ಮನ ಬಗ್ಗೆ ಹಂಪಸಾಗರದ ಸುತ್ತಮುತ್ತ ಹೇಳುವ ಮಾತುಗಳಲ್ಲಿ ಅರ್ಧ ಸುಳ್ಳು. ಆ ಅರ್ಧವನ್ನು ಹುಟ್ಟಿಸಿದವನು ನಾನೇ ಆದ್ದರಿಂದ, ಸುಳ್ಳು ಯಾವುದು ಖರೆ ಯಾವುದು ಎಂದು ಬಿಡಿಸಿ ಹೇಳುವ ಹಕ್ಕೂ ನನಗೊಬ್ಬನಿಗೇ ಇದೆ. ಅವಳು ಹೆರುವಾಗ ಹಾಕಿದ ಕೂಗಿಗೆ ಹೊಳೆಯಾಚೆಯ ಊರಿನ ಕೋಳಿಗಳು ಮೂರು ದಿನ ಮೊಟ್ಟೆ ಇಡಲಿಲ್ಲ ಅನ್ನುವುದು ಸುಳ್ಳು. ಇಡದೇ ಹೋದದ್ದು ಎರಡೇ ದಿನ. ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೆ.

ನೋಡಲಿಕ್ಕೆ ಅವಳು ಅಂಥ ಆಳೇನಲ್ಲ. ತಕ್ಕಡಿಯ ಒಂದು ಕಡೆ ಅವಳನ್ನು, ಇನ್ನೊಂದು ಕಡೆ ಅವಳದೇ ಹೊಲದ ಒಂದು ಕಲ್ಲಂಗಡಿ ಹಣ್ಣನ್ನು ಇಟ್ಟರೆ ಹಣ್ಣಿನ ಕಡೆ ಕೆಳಗೆ ಹೋಗುತ್ತದೆ. ಮಾತು ಮೈಗಿಂತಲೂ ಕಮ್ಮಿ. ಮದುವೆಯಾಗಿ ಬಂದ ಮೊದಲ ಆರು ತಿಂಗಳು ಓಣಿಯ ಹೆಂಗಸರು ಅವಳನ್ನು ಮೂಕಿ ಎಂದೇ ತಿಳಿದು, ಅವಳ ಮುಂದೆಯೇ ಅವಳ ಅತ್ತೆಯನ್ನು ಆಡಿಕೊಳ್ಳುತ್ತಿದ್ದರು. ಅವಳು ಎಲ್ಲ ಕೇಳಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

ತವರು ಕೂಡ್ಲಿಗಿ ತಾಲ್ಲೂಕು. ಕಾನಹೊಸಹಳ್ಳಿಯಲ್ಲಿ ಬಸ್ಸಿಳಿದು ಎರಡು ತಾಸು ನಡೆದರೆ ಸಿಗುವ ಹಳ್ಳಿ. ಅಲ್ಲಿಯ ಬಾವಿ ಎಷ್ಟು ಆಳವೆಂದರೆ ಬೆಳಿಗ್ಗೆ ಇಳಿಬಿಟ್ಟ ಕೊಡ ಊಟದ ಹೊತ್ತಿಗೆ ನೀರು ಮುಟ್ಟುತ್ತಿತ್ತು. ಮೇಲೆ ಬರುವಷ್ಟರಲ್ಲಿ ಸೇದಿದವಳ ಬಾಯಾರಿಕೆಗೇ ಆ ನೀರು ಸರಿಹೋಗುತ್ತಿತ್ತು. ಅವಳಪ್ಪ ಮರುಳಪ್ಪನಿಗೆ ಎಮ್ಮೆಗಳ ಹುಚ್ಚು. ಎಮ್ಮೆ ಈಯುವಾಗ ಕರು ಅಡ್ಡ ಬಂದರೆ ಒಳಗೆ ಕೈ ಹಾಕಿ ಕಾಲು ಸರಿಮಾಡಬೇಕಲ್ಲ, ಅದಕ್ಕೆ ಸಣ್ಣ ಕೈ ಬೇಕು. ಮನೆಯಲ್ಲಿ ಎಲ್ಲರಿಗಿಂತ ಸಣ್ಣ ಕೈ ಕೊಟ್ರಬಸಮ್ಮನದು. ಹತ್ತು ವರ್ಷದವಳಿದ್ದಾಗಿನಿಂದ ಆ ಊರಿನಲ್ಲಿ ಹುಟ್ಟಿದ ಕರುಗಳು ಮೊದಲು ನೋಡಿದ ಮುಖ ತಾಯಿಯದಲ್ಲ, ಇವಳದು. ಅರ್ಧ ಊರಿನ ಎಮ್ಮೆಗಳು ಇವಳ ಹಿಂದೆ ನಡೆಯುತ್ತಿದ್ದವು ಅಂತ ನಾನು ಹೇಳುವುದುಂಟು. ನಂಬುವವರು ನಂಬಿ.

ಇಂಥವಳನ್ನು ಎರಡು ಸಾವಿರದ ಇಸವಿಯಲ್ಲಿ ನಮ್ಮೂರ ಗುರುಶಾಂತನಿಗೆ ತಂದರು. ಇಲ್ಲಿ ಮನೆಯ ಹಿತ್ತಿಲಿನಲ್ಲಿ ನಿಂತರೆ ತುಂಗಭದ್ರೆಯ ಹಿನ್ನೀರು ಕಣ್ಣು ಹಾಯುವಷ್ಟು ದೂರ. ಬಂದ ಮೊದಲ ದಿನ ಅದನ್ನು ಬಹಳ ಹೊತ್ತು ನೋಡಿ ಅವಳು ಕೇಳಿದ್ದು ಒಂದೇ ಮಾತಂತೆ: "ಇದನ್ನ ಯಾರು ತುಂಬಿದ್ರು?"

ಹಿನ್ನೀರಿನ ಹೊಲ ಅಂದರೆ ಏನು ಎಂದು ಹೊರಗಿನವರಿಗೆ ಹೇಳಬೇಕು. ಸಂಕ್ರಾಂತಿ ದಾಟಿದ ಮೇಲೆ ಅಣೆಕಟ್ಟಿನ ನೀರು ಹಿಂದಕ್ಕೆ ಸರಿಯುತ್ತದೆ. ಸರಿದ ಕಡೆಯೆಲ್ಲ ಬೆಣ್ಣೆಯಂಥ ಮೆಕ್ಕಲು ಮಣ್ಣು. ನೀರು ಒಂದು ಹೆಜ್ಜೆ ಹಿಂದೆ ಇಟ್ಟರೆ ನಾವು ಒಂದು ಹೆಜ್ಜೆ ಮುಂದೆ ಇಡುತ್ತ ಹೋಗಿ, ಕಲ್ಲು ನೆಟ್ಟು ಗುರುತು ಮಾಡಿ, ಕಲ್ಲಂಗಡಿ, ಸೌತೆ ಬೀಜ ಊರುತ್ತೇವೆ. ಒಂದು ಗುಡಿಸಲು ಹಾಕಿ ಬೇಸಿಗೆಯೆಲ್ಲ ಅಲ್ಲೇ ಕಾವಲು. ಮಳೆಗಾಲಕ್ಕೆ ನೀರು ಮರಳಿ ಬಂದಾಗ ಹೊಲ ಬಿಟ್ಟು ಎದ್ದು ಬರುವುದು. ವರ್ಷದಲ್ಲಿ ಎಂಟು ತಿಂಗಳು ಮೀನಿನ ಹೆಸರಿನಲ್ಲೂ ನಾಲ್ಕು ತಿಂಗಳು ನಮ್ಮ ಹೆಸರಿನಲ್ಲೂ ಇರುವ ಭೂಮಿ ಅದು. ಗುರುಶಾಂತನ ಹೊಲ ಇದ್ದದ್ದು ದಡದಿಂದ ಎರಡು ಹರದಾರಿ ಒಳಗೆ, ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೆಯೂರಿನ ಮಗ್ಗುಲಲ್ಲಿ. ನೀರು ಇಳಿದಾಗ ಹಳೆಯೂರಿನ ಮನೆಗಳ ಪಾಯ, ಹನುಮಪ್ಪನ ಗುಡಿಯ ಕಲ್ಲಿನ ಮಂಟಪ ಮೇಲೆ ಕಾಣುತ್ತವೆ. ಹನುಮಪ್ಪನನ್ನು ಊರಿನ ಜೊತೆಗೇ ಎತ್ತಿಕೊಂಡು ಬಂದಿದ್ದರಿಂದ ಮಂಟಪದೊಳಗೆ ಉಳಿದದ್ದು ಬರೀ ಪೀಠ.

ಈಗ ಅತ್ತೆ ಹಾಲಮ್ಮನ ವಿಷಯ. ಹಾಲಮ್ಮ ಕೆಟ್ಟವಳಲ್ಲ, ಒಳ್ಳೆಯವಳೇ. ಆದರೆ ಒಳ್ಳೆಯತನವನ್ನೂ ಜೋರು ಮಾಡಿಯೇ ಮಾಡುವವಳು. ಅವಳು ತಿಂಗಳು ಎಣಿಸುವುದು ಹಬ್ಬದ ಮೇಲೆ. ಸೊಸೆ ಕಡೆಯ ಸಲ ಮುಟ್ಟಿನ ನೀರು ಹಾಕಿಕೊಂಡದ್ದು ಗಣಪತಿ ಹಬ್ಬದ ಮುಂದೆ. ಅಲ್ಲಿಂದ ಮಹಾನವಮಿ ಒಂದು, ದೀಪಾವಳಿ ಎರಡು, ಹೀಗೆ ಬೆರಳು ಮಡಿಸುತ್ತ ಹೋದಳು. ಆದರೆ ಆ ವರ್ಷ ಗಣಪತಿಗೂ ಮಹಾನವಮಿಗೂ ನಡುವೆ ಅಧಿಕಮಾಸ ಒಂದು ಬಂದು ಕೂತಿತ್ತು. ಗಣಪತಿಯಿಂದ ಮಹಾನವಮಿಗೆ ಒಂದಲ್ಲ, ಎರಡು ತಿಂಗಳು. ಅದನ್ನು ಹಾಲಮ್ಮ ಲೆಕ್ಕಕ್ಕೆ ಹಿಡಿಯಲಿಲ್ಲ. ಮರೆತು ಅಲ್ಲ, ತಿಳಿದೇ.

"ಅಧಿಕಮಾಸದಾಗ ಮದುವಿ ಮಾಡಂಗಿಲ್ಲ, ಹೊಸ ಮನಿ ಹೊಗಂಗಿಲ್ಲ," ಅನ್ನುತ್ತಿದ್ದಳು. "ದೇವರ ಲೆಕ್ಕಕ್ಕ ಇಲ್ಲದ ತಿಂಗಳು ಬಸರಿನ ಲೆಕ್ಕಕ್ಕ ಯಾಕ?"

ಹಂಪಸಾಗರದ ನರ್ಸಮ್ಮ ಶೈಲಾ ಇದನ್ನು ಕೇಳಿ ತಲೆ ಚಚ್ಚಿಕೊಂಡಿದ್ದಳು. "ಹಾಲಮ್ಮಾರ, ಕೂಸಿಗೆ ಪಂಚಾಂಗ ಓದಾಕ ಬರಂಗಿಲ್ಲ. ಮೇ ತಿಂಗಳು ದಾಟಂಗಿಲ್ಲ ಅಂತ ಕಾರ್ಡಿನಾಗ ಬರದು ಕೊಟ್ಟೀನಿ, ನೋಡ್ರಿ."

"ಇಂಗ್ಲಿಷ್ ತಿಂಗಳು ಪ್ಯಾಟಿ ಹೆಂಗಸರಿಗೆ. ನಮ್ಮ ಕೂಸು ಕಾರಹುಣ್ಣಿವಿಗೆ," ಎಂದು ಹಾಲಮ್ಮ ಆ ಕಾರ್ಡನ್ನು ಜೋಳದ ಡಬ್ಬಿಯ ಕೆಳಗೆ ಇಟ್ಟಳು. ಡಬ್ಬಿ ಅಲುಗಾಡುವುದು ನಿಂತಿತು.

ಅತ್ತೆಯ ಇನ್ನೊಂದು ಕಟ್ಟಳೆ: ಎಂಟನೇ ತಿಂಗಳ ಬಸುರಿ ಬಂಡಿ ಹತ್ತಬಾರದು, ಹಳ್ಳ ದಾಟಬಾರದು. ಏಳಕ್ಕೆ ಹುಟ್ಟಿದ ಕೂಸು ಬದುಕುತ್ತದೆ, ಒಂಬತ್ತಕ್ಕೆ ಹುಟ್ಟಿದ್ದು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಮಾತ್ರ ಉಳಿಯುವುದಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಾಗಾಗಿ ಎಂಟು ಮುಗಿಯುವ ತನಕ ಬಸುರಿಯನ್ನು ಇದ್ದಲ್ಲಿಂದ ಕದಲಿಸಬಾರದು. ಒಂಬತ್ತು ಬಿದ್ದ ಮೇಲೆ ಹಸಿರು ಬಳೆ ತೊಡಿಸಿ, ಕುಬುಸದ ಶಾಸ್ತ್ರ ಮಾಡಿ ತವರಿಗೆ ಕಳಿಸಿದರಾಯಿತು. ಕೊಟ್ರಬಸಮ್ಮ ಹಣ್ಣು ಆರಿಸಲಿಕ್ಕೆ ಹೊಲಕ್ಕೆ ಬಂದಿದ್ದಾಗಲೇ ಹಾಲಮ್ಮನ ಬೆರಳಿನಲ್ಲಿ ಎಂಟು ಬಿತ್ತು. ಹೊಲಕ್ಕೂ ಊರಿಗೂ ನಡುವೆ ಒಂದು ಹಳ್ಳ. ಮುಗಿಯಿತಲ್ಲ. ಸೊಸೆ ಗುಡಿಸಲಿನಲ್ಲೇ ಉಳಿದಳು, ಅವಳ ಜೊತೆ ಅತ್ತೆಯೂ ಬಂದು ಕೂತಳು. ನಿಜವಾಗಿ ಆಗ ಹುಡುಗಿಗೆ ಒಂಬತ್ತು ನಡೆಯುತ್ತಿತ್ತು.

ಹೀಗಿರುವಾಗ ಎರಡು ಸಾವಿರದ ಎರಡನೇ ಇಸವಿಯ ಬಸವ ಜಯಂತಿ ಬಂತು. ಅಂದು ಎತ್ತು ತೊಳೆದು, ಕೋಡಿಗೆ ಬಣ್ಣ ಬಳಿದು, ಊರೊಳಗೆ ಮೆರೆಸುವ ದಿನ. ಹಿನ್ನೀರಿನ ಹೊಲಗಳ ಅಷ್ಟೂ ಗುಡಿಸಲಿನವರು ಬೆಳಿಗ್ಗೆ ಬೆಳಿಗ್ಗೆಯೇ ಎತ್ತು ಹೊಡೆದುಕೊಂಡು ಊರಿಗೆ ಹೋದರು. ಗುರುಶಾಂತ ಬಂಡಿ ಕಟ್ಟಿದ. ಹಾಲಮ್ಮನೂ ಹೋಗಲೇಬೇಕು; ಮನೆಯ ಹಿರಿ ಹೆಂಗಸು ಎತ್ತಿಗೆ ಹೋಳಿಗೆ ತಿನ್ನಿಸದಿದ್ದರೆ ಹೇಗೆ?

"ಪೂಜಿ ಮುಗಿಸಿ ಮೂರು ಗಂಟಿಗೆ ಹೊಳ್ಳಿ ಬರ್ತೀನಿ," ಎಂದಳು ಬಂಡಿ ಹತ್ತುತ್ತ. "ಬಗ್ಗಬ್ಯಾಡ. ಹಣ್ಣು ಎತ್ತಬ್ಯಾಡ. ನರಿ ಬಂದ್ರ ಡಬ್ಬಿ ಬಡಿ. ರಾತ್ರಿ ಸೊಂಟ ನೋಯ್ತೈತಿ ಅಂದಿದ್ದೆಲ್ಲ, ಹೆಂಗೈತಿ?"

"ನಿನ್ನಿ ಹಣ್ಣು ಆರಿಸಿದ್ನೆಲ್ಲ ಅತ್ತಿ, ಅದಕ್ಕ ಇರಬೇಕ್ರಿ."

ಗುರುಶಾಂತನ ಮುಖ ಯಾಕೋ ಸಣ್ಣದಾಗಿತ್ತು. "ನಾನು ಇರ್ಲೇನು?"

"ನೀವಿದ್ದು ಏನು ಮಾಡ್ತೀರಿ? ಎತ್ತು ತೊಳೀರಿ, ಹೋಗ್ರಿ."

ಬಂಡಿ ಹೋಯಿತು. ಅದರ ಧೂಳು ಅಡಗಿದ ಮೇಲೆ ಅಷ್ಟು ದೊಡ್ಡ ಬಯಲಿನಲ್ಲಿ ಉಳಿದದ್ದು ಕೊಟ್ರಬಸಮ್ಮ, ನಾಲ್ಕು ನೂರು ಕಲ್ಲಂಗಡಿ ಮತ್ತು ಒಂದು ನರಿ. ನರಿಯನ್ನು ನಾನು ಸೇರಿಸಿದ್ದಲ್ಲ, ಅದು ದಿನಾ ಬರುತ್ತಿತ್ತು.

ಸುಮ್ಮನೆ ಕೂರಲಾಗದೆ ಅವಳು ಹಣ್ಣು ಬಡಿದು ನೋಡುತ್ತ ಹೋದಳು. ಬಡಿದರೆ ಮಾಗಿದ್ದು ಒಂದು ಸದ್ದು, ಕಾಯಿ ಒಂದು ಸದ್ದು. ಎದ್ದು ನಿಂತೇ, ಕೋಲಿನ ತುದಿಯಿಂದ. ಅತ್ತೆ ಬಗ್ಗಬೇಡ ಎಂದಿದ್ದಳಲ್ಲ. ಹನ್ನೆರಡು ಹಣ್ಣು ಬಡಿಯುವಷ್ಟರಲ್ಲಿ ಸೊಂಟದಲ್ಲಿ ಒಂದು ನೋವು ಬಂದು ಹೋಯಿತು. ಮತ್ತೆ ಹನ್ನೆರಡಕ್ಕೆ ಇನ್ನೊಂದು. ಆಮೇಲೆ ಎಂಟಕ್ಕೆ. ಆಮೇಲೆ ಐದಕ್ಕೆ. ಹೊತ್ತು ನೆತ್ತಿಗೆ ಬಂದಾಗ ಮೂರನೇ ಹಣ್ಣಿಗೇ ಕೋಲು ಹಿಡಿದು ನಿಂತುಬಿಟ್ಟಳು. ಕಾಲ ಗುಂಟ ನೀರು ಇಳಿಯಿತು. 'ಎಮ್ಮೆಯಾಗಿದ್ದರೆ ಇಷ್ಟು ಹೊತ್ತಿಗೆ ಹಗ್ಗ ಬಿಚ್ಚಿಬಿಡುತ್ತಿದ್ದೆ' ಅಂತ ಅನ್ನಿಸಿತಂತೆ. ಅದಾದ ಮೇಲೆ ಅನ್ನಿಸಿದ್ದು ಬೇರೆ: ಇದು ಎಂಟರ ಕೂಸು. ಎಂಟರದು ಉಳಿಯುವುದಿಲ್ಲ.

ನರ್ಸಮ್ಮ ಹೇಳಿದ್ದು ಅವಳಿಗೆ ನೆನಪಿತ್ತು. ಆದರೆ ನರ್ಸಮ್ಮನ ಮಾತು ಕಾರ್ಡಿನಲ್ಲಿತ್ತು, ಅತ್ತೆಯ ಮಾತು ಕಿವಿಯಲ್ಲಿತ್ತು. ಹೆದರಿದವರಿಗೆ ಕೇಳಿಸುವುದು ಕಿವಿಯಲ್ಲಿದ್ದದ್ದೇ.

ಅವಳು ಡಬ್ಬಿ ಬಡಿದಳು. ಕೂಗಿದಳು. ಕೋಳಿಗಳ ಸಂಗತಿ ನಡೆದದ್ದು ಇಲ್ಲೇ. ಎಲ್ಲ ಗುಡಿಸಲೂ ಖಾಲಿ, ಬರುವವರು ಯಾರು? ಬಂದದ್ದು ನರಿ ಒಂದೇ. ದೂರದಲ್ಲಿ ಕೂತು ಸ್ವಲ್ಪ ಹೊತ್ತು ನೋಡಿ, ಇದು ತನ್ನ ಕೈಲಾಗುವ ಕೆಲಸವಲ್ಲ ಎಂದುಕೊಂಡು ಎದ್ದು ಹೋಯಿತು. ಆಮೇಲೆ ಆ ನರಿ ಜನ್ಮದಲ್ಲಿ ಕಲ್ಲಂಗಡಿ ಮುಟ್ಟಲಿಲ್ಲ. ಊರ ಕಡೆ ನಡೆದುಬಿಡಲೇ ಎಂದು ಹತ್ತು ಹೆಜ್ಜೆ ಇಟ್ಟಳು. ಎರಡು ಹರದಾರಿ ಬಯಲು, ನಡುವೆ ಹಳ್ಳ. ನಡುದಾರಿಯಲ್ಲಿ ಬಿದ್ದರೆ ಹದ್ದಿಗಷ್ಟೇ ಗೊತ್ತಾಗುತ್ತದೆ. ಹೊಳ್ಳಿ ಬಂದು ಗುಡಿಸಲಿನಲ್ಲಿ ಕೌದಿ ಹಾಸಿದಳು.

ಹಾಸಿ ಕೂತಳೋ ಇಲ್ಲವೋ, ಗಾಳಿ ಎದ್ದಿತು. ವೈಶಾಖದ ಗಾಳಿ ನೋಡದವರಿಗೆ ಹೇಳಿ ಪ್ರಯೋಜನವಿಲ್ಲ. ಗುಡಿಸಲಿನ ಮಾಡು ಮೊದಲು ನಡುಗಿತು, ಆಮೇಲೆ ಎದ್ದು ನಿಂತಿತು, ಆಮೇಲೆ ಯಾರನ್ನೂ ಕೇಳದೆ ಹಡಗಲಿ ತಾಲ್ಲೂಕಿನ ಕಡೆ ಹೊರಟುಹೋಯಿತು. ಅಲ್ಲಿ ಯಾರೋ ಅದನ್ನು ಹಿಡಿದು ದನದ ಕೊಟ್ಟಿಗೆಗೆ ಹಾಕಿಕೊಂಡಿದ್ದಾರೆಂದು ಕೇಳಿದ್ದೇನೆ. ಹಿಂದೆಯೇ ಮಳೆ, ಅಡಕೆ ಗಾತ್ರದ ಹನಿ.

ಆ ಹುಡುಗಿಯ ತಲೆ ನೋಡಿ. ಅಂಥ ನೋವಿನಲ್ಲೂ ಏನೇನು ಬೇಕೆಂದು ನಿಂತು ಯೋಚನೆ ಮಾಡಿದ್ದಾಳೆ. ಕೌದಿಯನ್ನು ಸುರುಳಿ ಸುತ್ತಿ ಹಣ್ಣಿನ ಪುಟ್ಟಿಯೊಳಗೆ ತುರುಕಿ, ಮೇಲೆ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿದಳು. ಕುಡಿಯುವ ನೀರಿನ ಬಿಂದಿಗೆ ತೆಗೆದುಕೊಂಡಳು. ನರಿಗಿರಲಿ ಎಂದು ಕುಡಗೋಲು ಸೆರಗಿಗೆ ಸಿಕ್ಕಿಸಿಕೊಂಡಳು. ಇನ್ನೂರು ಹೆಜ್ಜೆ ಆಚೆ ಹಳೆಯೂರಿನ ಮಂಟಪ. ಆ ಇನ್ನೂರು ಹೆಜ್ಜೆಗೆ ಅರ್ಧ ತಾಸು ಹಿಡಿಯಿತು. ನೋವು ಬಂದಾಗ ಕೂರುವುದು, ಹೋದಾಗ ಏಳುವುದು. ನಿಂತಲ್ಲಿ ಕಾಲು ಮೊಣಕಾಲ ತನಕ ಕೆಸರಿಗೆ ಇಳಿಯುತ್ತಿತ್ತು.

ಮಂಟಪದ ಮೆಟ್ಟಿಲ ಹತ್ತಿರ ಒಂದು ಗಳಿಗೆ ತಡೆದಳು. ಗುಡಿಯಲ್ಲಿ ಹೆರುವುದು ಮೈಲಿಗೆ ಅಲ್ಲವೇ? ಒಳಗೆ ಪೀಠ ಖಾಲಿ ಇತ್ತು. "ನೀನಂತೂ ಮನ್ಯಾಗಿಲ್ಲ," ಎಂದಳು ಇಲ್ಲದ ಹನುಮಪ್ಪನಿಗೆ, "ಮಳಿ ನಿಲ್ಲೂ ತನಕ ನಾನು ಇರ್ತೀನಿ." ಅಷ್ಟು ಹೇಳಿ ಒಳಗೆ ಹೋಗಿ, ಕಂಬ ಅಪ್ಪಿಕೊಂಡು ಕುಕ್ಕರುಗಾಲಿನಲ್ಲಿ ಕೂತಳು.

ಮುಂದಿನದನ್ನು ಗಂಡಸಾದ ನಾನು ಹೆಚ್ಚು ಹೇಳುವುದು ಸರಿಯಲ್ಲ. ಅವಳು ಹೇಳಿದಷ್ಟೇ ಹೇಳುತ್ತೇನೆ. ನೋವು ಬಂದಾಗ ತಿಣುಕಿದಳು, ಹೋದಾಗ ಸುಮ್ಮನಿದ್ದಳು; ಎಮ್ಮೆಗಳು ಹಾಗೇ ಮಾಡುವುದು, ಹೊತ್ತಲ್ಲದ ಹೊತ್ತಿನಲ್ಲಿ ತಿಣುಕಿ ಸುಸ್ತಾಗುವವರು ಮನುಷ್ಯರು ಮಾತ್ರ ಎಂದಳು. ತಲೆ ಬಂದಾಗ ಕಂಬ ಬಿಟ್ಟು ಎರಡೂ ಕೈ ಕೆಳಗೆ ಒಡ್ಡಿದಳು. ಆ ಸಣ್ಣ ಕೈಗಳಿಗೆ ಕೂಸು ಜಾರಿ ಬಂತು. ಹೆಣ್ಣು.

ಅಳಲಿಲ್ಲ.

ಮಳೆ ಮಂಟಪದ ಕಲ್ಲಿನ ಮೇಲೆ ಸುರಿಯುತ್ತಿತ್ತು. ಕೂಸಿನ ಬಣ್ಣ ನೀಲಿಗೆ ತಿರುಗಿತ್ತು. ಎಂಟರದು ಉಳಿಯುವುದಿಲ್ಲ ಅನ್ನುವ ಮಾತು ಮತ್ತೆ ಕೇಳಿಸಿತಂತೆ. ಅವಳು ಕಿವಿಗೊಡಲಿಲ್ಲ. ಕೌದಿಯ ತುದಿಯಿಂದ ಬಾಯಿ ಒರೆಸಿದಳು. ತನ್ನ ಬಾಯಿಟ್ಟು ಕೂಸಿನ ಮೂಗು, ಬಾಯಿಯ ಲೋಳೆ ಹೀರಿ ಉಗುಳಿದಳು, ಮತ್ತೆ ಹೀರಿ ಉಗುಳಿದಳು. ಕರುವನ್ನು ಉಜ್ಜುವ ಹಾಗೆ, ಆದರೆ ಅಷ್ಟು ಬಿರುಸಾಗಿ ಅಲ್ಲ, ಅಂಗೈ ಮೇಲೆ ಬೋರಲು ಹಾಕಿಕೊಂಡು ಕೌದಿಯಿಂದ ಬೆನ್ನು ಉಜ್ಜಿದಳು. ಅಂಗಾಲು ತಟ್ಟಿದಳು. ಎಷ್ಟು ಹೊತ್ತು ಎಂದು ಕೇಳಿದರೆ "ಗೊತ್ತಿಲ್ರಿ" ಅನ್ನುತ್ತಾಳೆ. ನನಗೆ ಕೇಳಿದರೆ ಒಂದು ವರ್ಷ ಅನ್ನುತ್ತೇನೆ.

ಮೊದಲು ಒಂದು ಸೀನು ಬಂತು. ಆಮೇಲೆ ಅಳು. ಹಳೆಯೂರು ಐವತ್ತು ವರ್ಷದಲ್ಲಿ ಕೇಳಿದ ಮೊದಲ ಅಳು ಅದು. ಮಳೆ ನಿಂತು ಕೇಳಿತು ಅಂತ ಬೇರೆಯವರು ಹೇಳುತ್ತಾರೆ. ನಾನು ಅಷ್ಟು ಉತ್ಪ್ರೇಕ್ಷೆ ಮಾಡುವುದಿಲ್ಲ, ಸ್ವಲ್ಪ ಕಮ್ಮಿಯಾಯಿತು, ಅಷ್ಟೇ.

ಅಳುವ ಕೂಸನ್ನು ಎದೆಗೆ ಇಟ್ಟುಕೊಂಡು ಅವಳು ಮೊಟ್ಟಮೊದಲು ನೋಡಿದ್ದು ಅದರ ಕೈಬೆರಳು. ಉಗುರು ಬೆರಳಿನ ತುದಿ ದಾಟಿ ಬೆಳೆದಿದ್ದವು. ತಲೆ ತುಂಬ ಕೂದಲು. ಕೆನ್ನೆ ತುಂಬಿತ್ತು. ಹೊತ್ತಿಗೆ ಮುಂಚೆ ಬಿದ್ದ ಕರು ಎಂಥದಿರುತ್ತದೆ, ತುಂಬಿ ಬಂದ ಕರು ಎಂಥದಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಗಲೇ ಅವಳಿಗೆ ಗೊತ್ತಾಯಿತು: ನರ್ಸಮ್ಮ ಹೇಳಿದ್ದೇ ಸರಿ. ಇದು ಎಂಟರ ಕೂಸಲ್ಲ.

ಇನ್ನು ಹೊಕ್ಕುಳಬಳ್ಳಿ. ಕುಡಗೋಲು ಮಗ್ಗುಲಲ್ಲೇ ಇತ್ತು. ನಮ್ಮ ಹಿಂದಿನ ತಾಯಂದಿರು ಎಷ್ಟೋ ಜನ ಅದರಲ್ಲೇ ಕೊಯ್ದವರು. ಆದರೆ ಅಂಗನವಾಡಿಯಲ್ಲಿ ಶೈಲಾ ಹೇಳಿದ ಒಂದು ಮಾತು ಅವಳ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು: ತುಕ್ಕು ಹಿಡಿದ ಕುಡಗೋಲು ತಾಗಿದ ಕೂಸು ವಾರದೊಳಗೆ ಧನುರ್ವಾಯುವಾಗಿ ಬಿಲ್ಲಿನ ಹಾಗೆ ಬಾಗುತ್ತದೆ. ಹೊಸ ಬ್ಲೇಡು ಇಲ್ಲ, ಕುದಿಸಿದ ದಾರ ಇಲ್ಲ. ಕೊಯ್ಯುವುದೇ ಬೇಡ ಎಂದು ತೀರ್ಮಾನ ಮಾಡಿದಳು. ನೋವಿನ ಮಂಪರಿನಲ್ಲಿ ತನ್ನ ಕೈಯೇ ತನ್ನ ಮಾತು ಕೇಳದಿದ್ದರೆ ಎಂದು ಕುಡಗೋಲನ್ನು ಮಂಟಪದ ಹೊರಗೆ ಕೆಸರಿಗೆ ಎಸೆದಳು. ಸ್ವಲ್ಪ ಹೊತ್ತಿಗೆ ಕಸವೂ ಬಿತ್ತು, ಮಾಸು ಅನ್ನುತ್ತಾರಲ್ಲ ಅದು. ಅದನ್ನೂ ಕೂಸನ್ನೂ ಬಳ್ಳಿಸಮೇತ ಕೌದಿಯ ಒಣ ಭಾಗದಲ್ಲಿ ಸುತ್ತಿ, ಹಣ್ಣಿನ ಪುಟ್ಟಿಯೊಳಗೆ ಇಟ್ಟು, ಪುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಕೂತಳು.

ಇತ್ತ ಊರಿನಲ್ಲಿ ಗಾಳಿ ಎದ್ದ ಕೂಡಲೇ ಹಾಲಮ್ಮ ಹೋಳಿಗೆ ಬಿಟ್ಟು ಎದ್ದಿದ್ದಳು. "ಗುರುಶಾಂತ, ಹುಡುಗಿ ಒಬ್ಬಾಕಿ ಅದಾಳಲೇ." ಅವನು ಎತ್ತು ಬಿಟ್ಟು ಬೈಕು ಹತ್ತಿದ. ಮಳೆ ಬಿದ್ದ ಮೆಕ್ಕಲು ಮಣ್ಣಿನಲ್ಲಿ ಬೈಕು ಅರ್ಧ ಹರದಾರಿ ಹೋಗಿ, ಚಕ್ರದ ಸುತ್ತ ಒಂದೊಂದು ಮಣ ಮಣ್ಣು ಸುತ್ತಿಕೊಂಡು ನಿಂತಿತು. ಅದನ್ನು ಅಲ್ಲೇ ಕೆಡವಿ ನಡೆದ; ಚಪ್ಪಲಿ ಒಂದು ಕಡೆ, ಟವಲು ಇನ್ನೊಂದು ಕಡೆ. ಹಳ್ಳ ತುಂಬಿ ಹರಿಯುತ್ತಿತ್ತು. ಕಡೆಗೆ ನೀರಿನ ಅಂಚಿಗೆ ಓಡಿ, ಮೀನು ಹಿಡಿಯುವ ಚೌಡಣ್ಣನ ಕಾಲು ಹಿಡಿದ. ಚೌಡಣ್ಣ ಹರಿಗೋಲು ನೀರಿಗೆ ಇಳಿಸಿದ. ಅವತ್ತು ಆತ ಹುಟ್ಟು ಹಾಕಿದ ವೇಗಕ್ಕೆ ಮೀನುಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವಂತೆ.

ಹೊತ್ತು ಮುಳುಗಲು ಇನ್ನೂ ಒಂದು ತಾಸು ಇತ್ತು. ಗುಡಿಸಲು ಇದ್ದ ಕಡೆ ನಾಲ್ಕು ಗೂಟ ಮಾತ್ರ ಕಂಡಾಗ ಗುರುಶಾಂತ ಹರಿಗೋಲಿನಿಂದ ಹಾರಿದ. "ಬಸಮ್ಮ, ಬಸಮ್ಮ," ಎಂದು ಕೂಗುತ್ತ ಕೆಸರಿನಲ್ಲಿ ತೆವಳಿಕೊಂಡೇ ಬಂದ.

"ಇಲ್ಲೇ ಅದೀನಿ," ಎಂದಿತು ಮಂಟಪ. "ಕೂಗಬ್ಯಾಡ್ರಿ. ಈಗ ಮಲಗೈತಿ."

"ಏನು ಮಲಗೈತಿ?"

"ಒಳಗ ಬಂದು ನೋಡ್ರಿ. ಕಾಲು ತೊಳಕೊಂಡು ಬರ್ರಿ."

ಅವನು ಬಂದ. ಪುಟ್ಟಿಯೊಳಗೆ ನೋಡಿದ. ಅಲ್ಲೇ ಕೂತುಬಿಟ್ಟ. "ಎಂಟರ ಕೂಸಲ್ಲೇನು," ಎಂದ, ಅಳುತ್ತ.

"ಉಗುರು ನೋಡ್ರಿ. ಎಂಟರದಕ್ಕ ಇಂಥ ಉಗುರು ಬರ್ತಾವೇನು? ಒಂಬತ್ತು ತುಂಬ್ಯಾವು. ನಿಮ್ಮವ್ವನ ಕೈಯಾಗ ಒಂದು ತಿಂಗಳು ಎಲ್ಲ್ಯೋ ಜಾರಿ ಬಿದ್ದೈತಿ."

ಚೌಡಣ್ಣ ಮರ್ಯಾದೆಗೆ ಬೇರೆ ಕಡೆ ಮುಖ ಮಾಡಿ ನಿಂತಿದ್ದ. "ಬಳ್ಳಿ ಕೊಯ್ದಿಲ್ಲೇನವ್ವ? ನನ್ನ ಹತ್ರ ಮೀನಿನ ಚಾಕು ಐತಿ, ಕೊಡ್ಲೇನು?"

"ಮುಟ್ಟಬ್ಯಾಡ್ರಿ ಅಣ್ಣ. ಸೀದಾ ಶೈಲಕ್ಕನ ಹತ್ರ ಬಿಡ್ರಿ."

"ಲೇ ಗುರುಶಾಂತ," ಎಂದ ಚೌಡಣ್ಣ, "ನೀನು ಅಳೋದು ಮುಗಿದಿದ್ರ ಆಯಮ್ಮನ್ನ ಎತ್ತಿಕೋ. ಕೂಸಿಗಿಂತ ನಿಂದ ಜಾಸ್ತಿ ಆಯ್ತು."

ಹರಿಗೋಲಿನಲ್ಲಿ ಕೊಟ್ರಬಸಮ್ಮ ಕೂತದ್ದು ಅದೇ ಮೊದಲು. ಗಂಡ ಹಿಡಿದುಕೊಳ್ಳಲು ಬಂದರೆ, ಪುಟ್ಟಿ ಹಿಡಿಯಿರಿ ಎಂದಳಂತೆ.

ಹಂಪಸಾಗರದಲ್ಲಿ ಶೈಲಾ ಹೊಸ ಬ್ಲೇಡು ತೆಗೆದು, ದಾರ ಕುದಿಸಿ, ಎರಡು ಕಡೆ ಗಂಟು ಹಾಕಿ ಬಳ್ಳಿ ಕೊಯ್ದಳು. ತಾಯಿಗೆ ಇಂಜೆಕ್ಷನ್ ಕೊಟ್ಟಳು, ನಾಡಿ ನೋಡಿದಳು, ಕೂಸನ್ನು ತೂಗಿದಳು. ಮೂರು ಕೆ.ಜಿ.ಗೆ ನೂರು ಗ್ರಾಂ ಕಮ್ಮಿ. ಇಬ್ಬರಿಗೂ ಏನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅವಳು ಸ್ಟೂಲಿನ ಮೇಲೆ ಕೂತು ಉಸಿರು ಬಿಟ್ಟದ್ದು. "ಹನ್ನೊಂದು ವರ್ಷದಿಂದ ಇದ ಕೆಲಸ ಮಾಡ್ತೀನಿ," ಎಂದಳು. "ನಾನಿದ್ರೂ ಇದಕ್ಕಿಂತ ಬೇರೆ ಏನೂ ಮಾಡ್ತಿದ್ದಿಲ್ಲ."

ಸುದ್ದಿ ಮುಟ್ಟಿದ ಕೂಡಲೇ ಊರಿನಿಂದ ನನ್ನ ಟ್ರ್ಯಾಕ್ಟರಿನಲ್ಲಿ ಹಾಲಮ್ಮನೂ ಬಂದು ಇಳಿದಳು. ದಾರಿಯುದ್ದಕ್ಕೂ ಎಲ್ಲ ದೇವರಿಗೂ ಹರಕೆ ಹೊತ್ತು, ಉಚ್ಚಂಗೆಮ್ಮನಿಗೆ ಎರಡು ಸಲ ಹೊತ್ತಿದ್ದಳು. ಕೂಸಿನ ಮುಖ ನೋಡಿದಳು, ಬೆರಳು ನೋಡಿದಳು. ಆಮೇಲೆ ಮೂಲೆಗೆ ಹೋಗಿ ನಿಂತು ತನ್ನ ಬೆರಳು ಒಂದೊಂದೇ ಮಡಿಸಿದಳು. ಗಣಪತಿ, ಅದಾದ ಮೇಲೆ ಅಧಿಕ, ಅದಾದ ಮೇಲೆ ಮಹಾನವಮಿ. ಒಂಬತ್ತನೇ ಬೆರಳೂ ಮಡಿಸಿದಳು. ಆ ಹೆಂಗಸು ಅಧಿಕಮಾಸವನ್ನು ಲೆಕ್ಕಕ್ಕೆ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಂದು ಸೊಸೆಯ ತಲೆ ಮೇಲೆ ಕೈ ಇಟ್ಟಳು.

"ತಪ್ಪು ನಂದ ಐತವ್ವ."

"ಹೌದ್ರಿ ಅತ್ತಿ," ಎಂದಳು ಕೊಟ್ರಬಸಮ್ಮ. ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ 'ಇರಲಿ ಬಿಡ್ರಿ' ಅನ್ನುತ್ತಿದ್ದರು.

ಮುಂದಿನ ವರ್ಷಗಳಲ್ಲಿ ನಮ್ಮ ಕಡೆ ಬಸುರಿಯರ ಲೆಕ್ಕವೆಲ್ಲ ಕೊಟ್ರಬಸಮ್ಮನ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ನಡೆಯಿತು. ಯಾರ ಸೊಸೆ ನೀರು ತಪ್ಪಿಸಿದರೂ ಮೊದಲು ಅಲ್ಲಿ ಬಂದು ತಾರೀಖಿಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡಿಸುವುದು, ಆಮೇಲೆ ಶೈಲಾನ ಹತ್ತಿರ ಹೋಗುವುದು. ಮಗಳು ಭಾಗ್ಯ ಚುಕ್ಕೆ ಎಣಿಸುತ್ತಲೇ ಲೆಕ್ಕ ಕಲಿತಳು. ಎಂಟನೇ ತಿಂಗಳ ಬಸುರಿಯರನ್ನು ಹಳ್ಳ ದಾಟಿಸಿ ಊರಿಗೆ ಕರೆತರುವವಳು ಈಗ ಖುದ್ದು ಹಾಲಮ್ಮ. ಯಾರಾದರೂ ಕಟ್ಟಳೆ ತೆಗೆದರೆ ಅವರಿಗೆ ಬೈಗುಳದ ಊಟ. ಆದರೆ ಅದೆಲ್ಲ ಆಮೇಲಿನದು. ಅವತ್ತಿನ ಮರುದಿನ ಬೆಳಿಗ್ಗೆ ನಡೆದದ್ದನ್ನು ಹೇಳಿದರೆ ನನ್ನ ಕೆಲಸ ಮುಗಿಯಿತು.

ಶೈಲಾ ದೊಡ್ಡ ರಿಜಿಸ್ಟರು ತೆರೆದು ಬರೆಯಲಿಕ್ಕೆ ಕೂತಳು. ಕೂಸು: ಹೆಣ್ಣು. ತಾಯಿ: ಕೊಟ್ರಬಸಮ್ಮ. ತಂದೆ: ಗುರುಶಾಂತ. ಆಮೇಲಿನ ಮನೆ: ಹೆರಿಗೆ ಮಾಡಿಸಿದವರು ಯಾರು. ಅಲ್ಲಿ ಪೆನ್ನು ನಿಂತಿತು. ಡಾಕ್ಟರೋ, ನರ್ಸೋ, ಸೂಲಗಿತ್ತಿಯೋ, ಒಬ್ಬರ ಹೆಸರು ಇರಬೇಕು. ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ.

"ನಂದ ಬರೀರಿ," ಎಂದಳು ಹಾಲಮ್ಮ ಅಭ್ಯಾಸಬಲದಿಂದ. "ಓಣಿ ಹೆರಿಗಿ ಎಲ್ಲ ನಾನ ಮಾಡಿಸೀನಿ."

"ಇದನ್ನ ನೀವು ಮಾಡಿಸಿಲ್ಲಲ್ರಿ."

"ಅದೂ ಖರೆ," ಎಂದಳು ಹಾಲಮ್ಮ.

"ಹಂಗಾದ್ರ ನಂದು ಹಾಕ್ತೀನಿ," ಎಂದಳು ಶೈಲಾ. "ಬಳ್ಳಿ ಕೊಯ್ದಾಕಿ ನಾನ ಅಲ್ಲೇನು."

ಮಂಚದ ಮೇಲೆ ಕೂಸಿಗೆ ಹಾಲು ಕೊಡುತ್ತಿದ್ದ ಕೊಟ್ರಬಸಮ್ಮ ತಲೆ ಎತ್ತಿದಳು. ಆರು ತಿಂಗಳು ಮೂಕಿ ಅನ್ನಿಸಿಕೊಂಡವಳು.

"ಬ್ಯಾಡ್ರಿ ಶೈಲಕ್ಕ. ನಂದು ಬರೀರಿ."

"ನಿಂದು ಮ್ಯಾಲೆ ಬರದೀನೆಲ್ಲ, ತಾಯಿ ಅಂತ."

"ಹೆತ್ತಾಕೀನೂ ನಾನ, ಹೆರಿಗಿ ಮಾಡಿಸಿದಾಕೀನೂ ನಾನ. ಎರಡು ಕೆಲಸ ಮಾಡೀನಿ, ಎರಡು ಸಲ ಬರೀರಿ."

ಶೈಲಾ ನಮ್ಮೆಲ್ಲರ ಮುಖ ನೋಡಿದಳು. ಗುರುಶಾಂತ ನೆಲ ನೋಡುತ್ತ ನಗುತ್ತಿದ್ದ. ರಿಜಿಸ್ಟರಿನ ಆ ಮನೆ ಬಹಳ ಕಿರಿದು, ಡಾಕ್ಟರುಗಳ ಗೀಚಿದ ಸಹಿಗೆಂದೇ ಮಾಡಿದ್ದು. ಶೈಲಾ ಬರೆಯುತ್ತ ಹೋದಂತೆ 'ಕೊಟ್ರ' ಆ ಮನೆಯೊಳಗೆ ಕೂತಿತು, 'ಬಸಮ್ಮ' ಗೆರೆ ದಾಟಿ ಪಕ್ಕದ ಮನೆಗೆ ಹೋಯಿತು.

"ಗೆರಿ ದಾಟಿತಲ್ಲ," ಎಂದಳು ಶೈಲಾ.

"ದಾಟ್ಲಿ ಬಿಡ್ರಿ," ಎಂದಳು ಹಾಲಮ್ಮ ರಿಜಿಸ್ಟರಿನ ಮೇಲೆ ಬಗ್ಗಿ. ಅವಳಿಗೆ ಓದಲು ಬರುವುದಿಲ್ಲ. ಆದರೂ ಆ ಅಕ್ಷರಗಳ ಮೇಲೆ ಬೆರಳಿಟ್ಟು ಕಡೆಯ ತನಕ ಎಳೆದಳು. "ನಮ್ಮ ಸೊಸಿ ಹೆಸರು. ಇನ್ನಾ ಸ್ವಲ್ಪ ದಪ್ಪಗ ಬರೀರಿ."